ಕೂಸು ಅತ್ತಿತ್ತೇನ್ರಿ?

ಹೋದ ತಿಂಗಳು ಸವಿತಾ ಫೋನ್ ಮಾಡಿದ್ದಳು. ನಾನು ಬಿಟ್ಟು ಬಂದ ಉಪಕೇಂದ್ರಕ್ಕೆ ಈಗ ಬಂದಿರುವ ನರ್ಸ್ ಅವಳು. ನೌಕರಿಗೆ ಸೇರಿ ಇನ್ನೂ ವರ್ಷ ತುಂಬಿಲ್ಲ. ನಾನಾಗ ಸವದತ್ತಿಯ ಸಂತೆಯಲ್ಲಿ ನಿಂತು ಮೆಂತೆ ಪಲ್ಯೆಯವಳ ಜೊತೆ ಜಗಳ ತೆಗೆದಿದ್ದೆ. ನಿವೃತ್ತಿಯಾದ ಮೇಲೆ ನನಗೆ ಜಗಳವಾಡಲು ಬೇರೆ ಯಾರೂ ಸಿಗುವುದಿಲ್ಲ.

“ಅಕ್ಕಾರ, ಒಂದು ಮಾತು ಕೇಳೂದಿತ್ತು. ಮುಂಜಾನೆ ಒಂದು ಹೆರಿಗಿ ಆತು. ಕೂಸು ಒಂದೀಟು ಅತ್ತು ಹೋಗಿಬಿಡ್ತರಿ. ಇಲ್ಲಿ ಎರಡು ಫಾರಂ ಅದಾವು. ಯಾವುದು ತುಂಬಲಿ?”

ಸತ್ತೇ ಹುಟ್ಟಿದ ಕೂಸಿಗೆ ಒಂದು ಫಾರಂ, ಹುಟ್ಟಿದ ಮೇಲೆ ಸತ್ತ ಕೂಸಿಗೆ ಇನ್ನೊಂದು. ಇದನ್ನು ಟ್ರೇನಿಂಗಿನ ಮೊದಲ ತಿಂಗಳಲ್ಲೇ ಕಲಿಸುತ್ತಾರೆ. ಹುಡುಗಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿದ್ದಾಳೆ ಅಂದರೆ ಯಾರೋ ಅವಳ ಕಿವಿಯಲ್ಲಿ ಬೇರೆ ಮಾತು ಊದಿದ್ದಾರೆ. ನಾನು ಏನು ಹೇಳಬೇಕಿತ್ತು ಎಂಬುದು ನಿಮಗೂ ಗೊತ್ತು. ನಾನು ಹೇಳಿದ್ದು, “ಸಂತ್ಯಾಗ ಇದ್ದೇನವಾ, ನಾಳಿ ಹೇಳ್ತೇನಿ ತಡಿ.”

ಮೂವತ್ತೈದು ವರ್ಷ ಚಾಕರಿ ಮಾಡಿದವಳ ಉತ್ತರ ಇದು! ಮನೆಗೆ ಬಂದು ಚೀಲ ಅಡುಗೆಮನೆಯಲ್ಲಿ ಒಗೆದು ಕೂತೆ. ಪಲ್ಯೆ ಬಿಡಿಸಲಿಲ್ಲ, ಒಲೆ ಹಚ್ಚಲಿಲ್ಲ. ಯಾಕೆಂದರೆ ಅದೇ ಪ್ರಶ್ನೆಗೆ ನಾನು ಒಮ್ಮೆ ಸುಳ್ಳು ಉತ್ತರ ಬರೆದವಳು. ಆ ಸುಳ್ಳಿನಿಂದ ಒಬ್ಬ ತಾಯಿಗೆ ಏನಾಯಿತು ಎಂಬುದನ್ನು ಕಣ್ಣಾರೆ ನೋಡಿಯೂ ಹನ್ನೆರಡು ವರ್ಷ ಬಾಯಿ ಬಿಡದವಳು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರಿಗಾಗಿ ಅದನ್ನು ಬರೆಯುತ್ತಿದ್ದೇನೆ. ನನಗೆ ಹೊದಿಸಿದ ಶಾಲು, ಕೊಟ್ಟ ಪ್ರಶಸ್ತಿಪತ್ರ, ಬಡ್ತಿ ಇವುಗಳ ಸುದ್ದಿ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ.

ಸುಳ್ಳು ಒಂದೇ ದಿನಕ್ಕೆ ದೊಡ್ಡದಾಗುವುದಿಲ್ಲ. ನನ್ನದು ತಕ್ಕಡಿಯಿಂದ ಶುರುವಾಯಿತು.

ನಾನು ನೌಕರಿಗೆ ಬಂದಾಗ ನಮಗೆ ಕೊಟ್ಟದ್ದು ಕೊಕ್ಕೆಗೆ ತೂಗುಹಾಕುವ ಸ್ಪ್ರಿಂಗಿನ ತಕ್ಕಡಿ. ಅದಕ್ಕೊಂದು ಅರಿವೆಯ ಜೋಳಿಗೆ. ಹುಟ್ಟಿದ ಕೂಸನ್ನು ಅದರಲ್ಲಿಟ್ಟು ಎತ್ತಿ ಹಿಡಿಯಬೇಕು. ಕೂಸು ಒದ್ದಾಡಿದರೆ ಮುಳ್ಳೂ ಒದ್ದಾಡುತ್ತಿತ್ತು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಅಶಕ್ತ ಕೂಸು. ಅದಕ್ಕೆ ಬೇರೆ ಪಟ್ಟಿ, ವಾರ ವಾರ ಮನೆಭೇಟಿ, ಮೇಲಿನವರ ನೂರೆಂಟು ಪ್ರಶ್ನೆ. ನನ್ನ ಪಾಲಿಗೆ ಐದು ಹಳ್ಳಿ, ಬಸ್ಸು ಒಂದಕ್ಕೆ ಮಾತ್ರ. ಉಳಿದ ನಾಲ್ಕಕ್ಕೂ ಕಾಲ್ನಡಿಗೆ. ಮುಳ್ಳು ಎರಡು ಕಿಲೋ ಮುನ್ನೂರಕ್ಕೆ ನಿಂತರೆ “ಇನ್ನೇನು ಬೆಳೀತೈತಿ ಬಿಡು” ಅಂದುಕೊಂಡು ಎರಡೂವರೆ ಬರೆಯುತ್ತಿದ್ದೆ. ಹಾಗೆ ಬರೆಯುವವಳು ನಾನೊಬ್ಬಳೇ ಆಗಿರಲಿಲ್ಲ. ಒಂದು ಸಲ ಹೊಸದಾಗಿ ಬಂದ ಎಳೆಯ ಡಾಕ್ಟರು ನನ್ನ ರಜಿಸ್ಟರಿನ ಪುಟಗಳನ್ನು ತಿರುವಿ ತಿರುವಿ ನೋಡಿ, “ಏನ್ರಿ, ನಿಮ್ಮೂರಾಗ ಕೂಸುಗಳನ್ನ ಇಟ್ಟಂಗಿ ಅಚ್ಚಿನ್ಯಾಗ ಹಾಕಿ ತೆಗೀತಾರೇನು?” ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಡಾಕ್ಟರು ಆರು ತಿಂಗಳಿಗೆ ವರ್ಗವಾಗಿ ಹೋದರು, ನಾನು ಎರಡೂವರೆ ಬರೆಯುತ್ತಲೇ ಹೋದೆ.

ಇನ್ನೊಂದು ಕಲಿತದ್ದು, ಕಾರಣದ ಕಾಲಂ ತುಂಬುವುದು. ಕೂಸು ಸತ್ತರೆ ಯಾಕೆ ಸತ್ತಿತು ಎಂದು ಬರೆಯಬೇಕಲ್ಲ? ನಮಗೆ ಕೈಗೆ ಸಿಕ್ಕ ಮಾತು “ತಾಯಿಯ ಅಜ್ಞಾನ.” ಮೊದಲ ಹಾಲು ಹಿಂಡಿ ಚೆಲ್ಲಿದರು, ತಾಯಿಯ ಅಜ್ಞಾನ. ಹೊಟ್ಟೆ ಉಬ್ಬಿದ ಕೂಸಿಗೆ ಸೂಜಿ ಕಾಸಿ ಬರೆ ಹಾಕಿದರು, ತಾಯಿಯ ಅಜ್ಞಾನ. ಹಾಲು ಹಿಂಡಿ ಚೆಲ್ಲಿದ್ದು ಅಜ್ಜಿ, ಬರೆ ಹಾಕಿಸಿದ್ದು ಮಾವ, ಆ ಹೊತ್ತಿಗೆ ತಾಯಿ ಕೌದಿಯೊಳಗೆ ಜ್ವರದಿಂದ ನಡುಗುತ್ತಿದ್ದಳು. ಆದರೂ ಕಾಲಮ್ಮಿನಲ್ಲಿ ತಪ್ಪು ಅವಳದೇ. ಬಾಯಿ ಇಲ್ಲದವಳ ಮೇಲೆ ಬರೆದರೆ ಯಾರು ತಿರುಗಿ ಕೇಳುತ್ತಾರೆ?

ಹಾಗೆ ನಾನು ಬರೆದಿಟ್ಟವರಲ್ಲಿ ನೀಲವ್ವ ಒಬ್ಬಳು.

ಅವಳ ಗಂಡನ ಮನೆಯವರದು ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಕಾಯಿ, ಕರ್ಪೂರ, ಭಂಡಾರ ಮಾರುವ ಒಂದು ಸಣ್ಣ ಅಂಗಡಿ. ಅಂಗಡಿ ಅಂದರೆ ನಾಲ್ಕು ಕೋಲು, ಮೇಲೊಂದು ತಾಡಪತ್ರಿ. ಹುಣ್ಣಿಮೆಗಳಲ್ಲಿ ವ್ಯಾಪಾರ, ಉಳಿದ ದಿನ ಗಂಡ ಗಾರೆ ಕೆಲಸಕ್ಕೆ, ಇವಳು ಮಂದಿ ಹೊಲಕ್ಕೆ ಹತ್ತಿ ಬಿಡಿಸಲು, ಕಳೆ ತೆಗೆಯಲು. ಕಾರ್ಡಿನಲ್ಲಿ ವಯಸ್ಸು ಹತ್ತೊಂಬತ್ತು ಎಂದು ಬರೆಸಿದ್ದರು. ಮುಖ ನೋಡಿದರೆ ಸಾಲಿ ಬಿಟ್ಟು ಬಂದ ಹುಡುಗಿ. ಮೊದಲ ಬಸುರು. ರಕ್ತ ತಪಾಸಣೆ ಮಾಡಿದರೆ ಕಾಗದಕ್ಕೆ ಹತ್ತಿದ ಹನಿ ತಿಳಿ ಗುಲಾಬಿ. ತಿಂಗಳಿಗಾಗುವಷ್ಟು, ರಕ್ತ ಹೆಚ್ಚಿಸುವ ಕೆಂಪು ಗುಳಿಗೆ ಕೊಟ್ಟೆ. ಮುಂದಿನ ತಿಂಗಳೂ ರಕ್ತ ಅಷ್ಟೇ. ಮತ್ತೆ ಕೊಟ್ಟೆ. ಮೂರನೇ ತಿಂಗಳು ಸಿಟ್ಟು ಬಂದು ಮನೆಗೇ ಹೋದೆ.

ನೀಲವ್ವ ನೆಲುವಿನ ಮೇಲಿಂದ ಒಂದು ತಗಡಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ನಾನು ಕೊಟ್ಟ ಗುಳಿಗೆ ಒಂದೆರಡು ಬಿಟ್ಟರೆ ಖರ್ಚಾಗಿರಲಿಲ್ಲ. ನಾನು ಸುಮ್ಮನಿರುವವಳೇ? ಓಣಿಗೆಲ್ಲ ಕೇಳುವ ಹಾಗೆ ಒದರಾಡಿದೆ. “ನಿನಗ ಬುದ್ಧಿ ಐತೇನು? ಸರಕಾರದವರು ಪುಕ್ಕಟೆ ಕೊಟ್ಟದ್ದು ಡಬ್ಬ್ಯಾಗ ತುಂಬಿ ಪೂಜಿ ಮಾಡ್ತೀಯೇನು?”

ಅವಳು ತಲೆ ತಗ್ಗಿಸಿ ಹೇಳಿದಳು, “ಮುಂಜಾನೆ ಹೊಟ್ಟ್ಯಾಗ ಏನೂ ಇರಂಗಿಲ್ರಿ, ನರ್ಸಬಾಯಾರ. ಗುಳಿಗಿ ನುಂಗಿದ್ರ ಎದಿ ಉರಿದು ವಾಂತಿ ಬರತೈತಿ. ಹೊಲದಾಗ ಸಾಲು ಹಿಂದ ಬಿದ್ರ ಬೈತಾರ.”

“ಉಂಡ ಮ್ಯಾಲ ತಗೋ.”

“ಉಂಡ ಮ್ಯಾಲ ಅಂದ್ರ...” ಅಂದು ನಕ್ಕಳು. ಅಷ್ಟೇ. ಆ ಮನೆಯಲ್ಲಿ ಕಡೆಗೆ ಉಣ್ಣುವವಳು ಅವಳು. ಕಡೆಗೆ ಉಣ್ಣುವವಳಿಗೆ ಬುಟ್ಟಿಯಲ್ಲಿ ಏನು ಉಳಿಯುತ್ತದೆ ಎಂಬುದು ನಾನು ಕೇಳದೆಯೂ ತಿಳಿಯಬೇಕಾದ ಮಾತು. ಆದರೂ ರಜಿಸ್ಟರಿನಲ್ಲಿ ನಾನು ಬರೆದದ್ದು: “ಸಲಹೆ ನೀಡಲಾಗಿದೆ. ತಾಯಿ ಸಹಕರಿಸುತ್ತಿಲ್ಲ.” ಆ ಅಕ್ಷರ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ, ಎಷ್ಟು ದುಂಡಗೆ ಬರೆದಿದ್ದೆ ನೋಡಿ!

ಬನದ ಹುಣ್ಣಿಮೆ ಮುಗಿದ ಮೇಲೆ ಸೀಮಂತದ ಕುಬಸ ಮಾಡಿ ತವರಿಗೆ ಕಳಿಸುತ್ತೇವೆ ಎಂದು ಅತ್ತೆ ಬಸವ್ವ ಹೇಳಿದ್ದಳು. ತವರು ರಾಮದುರ್ಗ ತಾಲೂಕಿನ ಒಂದು ಹಳ್ಳಿ. ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಸವ್ವ ನೀಲವ್ವನನ್ನು ನಡೆಸಿಕೊಂಡೇ ಉಪಕೇಂದ್ರಕ್ಕೆ ಬಂದಳು. ಎಂಟನೇ ತಿಂಗಳು ಆಗಷ್ಟೇ ಹತ್ತಿತ್ತು. ಮುಟ್ಟಿ ನೋಡಿದರೆ ಕೂಸು ಬರುವ ದಾರಿಯಲ್ಲೇ ಇತ್ತು. ಎಲ್ಲಿಗೂ ಕಳಿಸುವ ಹೊತ್ತು ಅದಾಗಿರಲಿಲ್ಲ.

ಗಂಡು ಕೂಸು. ನನ್ನ ಅಂಗೈಯಿಂದ ಮೊಣಕೈವರೆಗೂ ಸಾಲದಷ್ಟು ಉದ್ದ. ಹುಟ್ಟಿದ ಕೂಡಲೇ ಅತ್ತಿತು. ಬೆಕ್ಕಿನ ಮರಿಯ ದನಿ, ಆದರೆ ಅಳುವೇ. ಬೆನ್ನು ಉಜ್ಜಿದೆ, ಇನ್ನೊಮ್ಮೆ ಅತ್ತಿತು. ಬಳ್ಳಿ ಕತ್ತರಿಸಿ, ಒಂದು ಅರಿವೆಯಲ್ಲಿ ಸುತ್ತಿ ಬಸವ್ವನ ಕೈಗೆ ಕೊಟ್ಟೆ. ಅಷ್ಟರಲ್ಲಿ ನೀಲವ್ವನಿಗೆ ರಕ್ತ ಹೋಗಲು ಶುರುವಾಯಿತು. ನಾನು ಅವಳ ಹೊಟ್ಟೆ ಒತ್ತುತ್ತ, ಇಂಜೆಕ್ಷನ್ ಹುಡುಕುತ್ತ ಇದ್ದೆ. ಹಿಂದಿನಿಂದ ಬಸವ್ವ ಕೇಳಿದಳು, “ಹಿಂದ ಬಚ್ಚಲದಾಗ ನೀರು ಕಾದಾವಲ್ರಿ. ಕೂಸಿಗೆ ಎರೀಲೇನ್ರಿ?”

ಅದು ನನ್ನ ಸ್ನಾನಕ್ಕೆ ಕಾಯಿಸಿಟ್ಟ ನೀರು. ನನ್ನ ಎರಡು ಖೋಲಿಯ ಮನೆ ಉಪಕೇಂದ್ರದ ಹಿಂಬದಿಗೇ ಇತ್ತು.

ನಾನು ತಿರುಗಿ ನೋಡದೆ “ಹೂಂ” ಅಂದೆ.

ಇಷ್ಟೇ. ಒಂದು ಹೂಂ. ಮೂರು ತಿಂಗಳ ಹಿಂದೆ ಬೆಳಗಾವಿಯಲ್ಲಿ ನಮಗೆ ರಬ್ಬರಿನ ಗೊಂಬೆ ಇಟ್ಟು ಕಲಿಸಿದ್ದರು: ಹುಟ್ಟಿದ ಕೂಸಿಗೆ ಎರೆಯಬಾರದು, ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಮೇಲೆ ಹೊದಿಸಬೇಕು, ದಿನ ತುಂಬದ ಕೂಸಿಗಂತೂ ಅದೇ ಔಷಧ. ನಾನು ಚಹಾ ಕುಡಿದು, ಬಿಸ್ಕೀಟು ತಿಂದು, ಸಹಿ ಮಾಡಿ ಬಂದಿದ್ದೆ. ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ನಮ್ಮ ಕಡೆ ಕೂಸಿಗೆ ಎರೆಯುವುದು ಅಜ್ಜಿಯ ಹಕ್ಕು. ಹುಟ್ಟುವಾಗ ಮೈಗೆ ಹತ್ತಿದ ಬಿಳಿ ಜಿಡ್ಡು ಹೋಗುವ ತನಕ ತಿಕ್ಕಿ ತಿಕ್ಕಿ ಎರೆಯುತ್ತಾರೆ. ಅದನ್ನು ನೋಡುತ್ತಲೇ ಬೆಳೆದ ನನ್ನ ನಾಲಿಗೆಗೆ ಹೂಂ ಅನ್ನುವುದು ರೂಢಿಯಾಗಿತ್ತು. ಪುಷ್ಯದ ಚಳಿ, ಹಿಂಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಕೈಗೆ ರಕ್ತ ಮೆತ್ತಿಕೊಂಡು ನಿಂತಾಗ ಬಚ್ಚಲಿನಿಂದ ಕೂಸಿನ ದನಿ ಒಮ್ಮೆ ಕೇಳಿತು. ಅಳಲಿ, ಅತ್ತರೆ ಒಳ್ಳೆಯದೇ ಅಂದುಕೊಂಡೆ.

ನೀಲವ್ವನ ರಕ್ತ ನಿಂತ ಮೇಲೆ ಕೂಸನ್ನು ತೂಗಿದೆ. ಒಂದು ಕಿಲೋ ನಾಲ್ಕುನೂರು. ಮೈ ಮುಟ್ಟಿದರೆ ನೆಲದ ಫರಸಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ತುಟಿ ನೀಲಿಯಾಗಿತ್ತು. ಆಗ ಎಚ್ಚರಾದೆ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಯರಗಟ್ಟಿ ಕಡೆ ಇನ್ನೊಬ್ಬರನ್ನು ಹೊತ್ತು ಹೋಗಿತ್ತು. ಊರಿನ ಟಂಟಂ ರಿಕ್ಷಾ ಕರೆಸಿದೆ. ಕೂಸನ್ನು ನನ್ನ ಸೀರೆಯೊಳಗೆ ಎದೆಗೆ ಅವಚಿಕೊಂಡು ಕೂತೆ. ತಾಯಿಯ ಎದೆಯ ಮೇಲೆ ಇಡಬೇಕಾದದ್ದನ್ನು ತಡವಾಗಿ, ನನ್ನ ಎದೆಯ ಮೇಲೆ. ಟಂಟಂ ಬಾಗಿಲಿಗೆ ಬರುವ ಹೊತ್ತಿಗೆ ಕೂಸು ಇರಲಿಲ್ಲ. ಒಂದೂವರೆ ತಾಸು ಬದುಕಿತ್ತು.

ನೀಲವ್ವ ಸುಸ್ತಿನಲ್ಲಿ ಮಲಗಿದ್ದಳು. ನಾನು ಹೊರಗೆ ಬಂದು ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಅವರನ್ನು ನಾವೆಲ್ಲ ದೊಡ್ಡಕ್ಕಾರು ಎಂದು ಕರೆಯುತ್ತಿದ್ದೆವು. ಕೆಟ್ಟವರಲ್ಲ. ಲಸಿಕೆಯ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮಲಪ್ರಭೆಯ ಹಿನ್ನೀರು ದಾಟಿದ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಈ ವರ್ಷ ನಿನ್ನ ಕಡೆ ಇದು ಎಷ್ಟನೇದು?”

“ನಾಕನೇದ್ರಿ.”

“ನಾಕು! ಮೀಟಿಂಗನ್ಯಾಗ ನಿನ್ನ ಎಬ್ಬಿಸಿ ನಿಲ್ಲಸ್ತಾರ. ಬಾಜೂಕ ನನ್ನೂ ನಿಲ್ಲಸ್ತಾರ. ಕೂಸು ಅತ್ತದ್ದು ಯಾರು ಕೇಳ್ಯಾರ?”

“ಅತ್ತಿ ಕೇಳ್ಯಾಳ್ರಿ. ಬಾಣಂತಿನೂ ಕೇಳಿರಬೇಕು.”

“ಅವರೇನು ರಜಿಸ್ಟರ್ ಓದತಾರ? ನೋಡವಾ, ಸತ್ತು ಹುಟ್ಟಿತು ಅಂತ ಬರದ್ರ ಒಂದು ಸಾಲು. ಹುಟ್ಟಿ ಸತ್ತಿತು ಅಂತ ಬರದ್ರ ಹತ್ತು ಪುಟದ ಫಾರಂ. ವಿಚಾರಣಿ ಬ್ಯಾರೆ. ಎರದದ್ದು ಯಾಕಂತಾರ, ಬಿಟ್ಟದ್ದು ಯಾಕಂತಾರ. ಹೋದ ಕೂಸು ಬರತೈತೇನು? ಅಳಲಿಲ್ಲ ಅಂತ ಬರಿ.”

ನನ್ನ ಹಿಂದೆಯೇ ಹೊರಗೆ ಬಂದು ನಿಂತಿದ್ದ ಬಸವ್ವನಿಗೆ ಅದನ್ನೇ ಹೇಳಿ ಆಕೆಯ ಮುಖ ನೋಡಿದೆ. ಆಕೆ ಬೇಡ ಅನ್ನಲಿ, ಕಿರುಚಲಿ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯಿತ್ತು. ಆಕೆ ಕೈ ಮುಗಿದು ಹೇಳಿದಳು, “ಹಂಗ ಬರೀರಿ ಯವ್ವಾ. ಉಸಿರು ಕಂಡ ಕೂಸಾದ್ರ ಐದು ದಿನ ಮೈಲಿಗಿ. ಹುಣ್ಣಿವಿಗೆ ಅಂಗಡಿ ಹಾಕಾಕ ಬರಂಗಿಲ್ಲ. ಉಸಿರು ಕಾಣದ್ದಾದ್ರ ಒಂದು ಜಳಕಕ್ಕ ಮುಗೀತೈತಿ.” ಅವರ ಮನೆಯ ನಡೆ ಹಾಗಿತ್ತು. ವರ್ಷದ ದೊಡ್ಡ ವ್ಯಾಪಾರ ಆ ಹುಣ್ಣಿಮೆಯದು.

ಕಚೇರಿಗೂ ಕೂಸು ಅತ್ತಿರಬಾರದಾಗಿತ್ತು, ಮನೆಗೂ ಅತ್ತಿರಬಾರದಾಗಿತ್ತು. ಬರೆದೆ. ತೂಕದ ಕಾಲಮ್ಮಿನಲ್ಲಿ ಗೆರೆ ಎಳೆದೆ. ನೀಲವ್ವನ ತಾಯಿ ಕಾರ್ಡಿನಲ್ಲೂ ಅದೇ ಮಾತು ಬರೆದು ಮುದ್ರೆ ಒತ್ತಿದೆ.

ಸಂಜೆ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, “ನನ್ನ ಕೂಸು ಎಲ್ಲಿ?” ಬಸವ್ವ ಹೇಳಿದಳು, “ಜೀವ ಇರಲಿಲ್ಲವಾ ಅದಕ್ಕ.” ನೀಲವ್ವ ನನ್ನ ಕಡೆ ತಿರುಗಿದಳು. “ಕೂಸು ಅತ್ತಿತ್ತಲ್ರಿ, ನರ್ಸಬಾಯಾರ?”

“ಇಲ್ಲವಾ. ನಿನಗ ಹಂಗ ಅನಿಸಿರಬೇಕು. ಸುಸ್ತಿನ್ಯಾಗ ಏನೇನೋ ಕೇಳಸತೈತಿ.”

ಹಾಗಂದವಳು ನಾನೇ. ದೊಡ್ಡಕ್ಕಾರು ಬರೆಯಲು ಹೇಳಿದ್ದರು. ಈ ಮಾತು ಯಾರೂ ಹೇಳಿಕೊಟ್ಟದ್ದಲ್ಲ.

ಅದು ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ತಿಂಗಳ ಮೇಲೆ ಲಸಿಕೆಯ ದಿನ ನೀಲವ್ವ ಬಂದು ಅಂಗನವಾಡಿಯ ಗೋಡೆಗೆ ಒರಗಿ ನಿಂತಳು. ಉಳಿದವರ ಕೈಯಲ್ಲಿ ಕೂಸಿತ್ತು, ಅವಳದು ಬರಿ ಕೈ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದಳು, “ಕೂಸು ಅತ್ತಿತ್ತೇನ್ರಿ?” ನಾನು ಪೆಟ್ಟಿಗೆಯ ಮುಚ್ಚಳ ಹಾಕುತ್ತ ಇಲ್ಲ ಅಂದೆ. ಮುಂದಿನ ತಿಂಗಳೂ ಬಂದಳು. ಅದರ ಮುಂದಿನ ತಿಂಗಳೂ. ಕೂಗಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ, ದಾರಿ ಕೇಳುವವರ ಹಾಗೆ ಕೇಳುತ್ತಿದ್ದಳು. ಊರವರು ಅವಳಿಗೆ ತಲೆ ಕೆಟ್ಟಿದೆ ಅಂದರು. ಗಂಡನ ಮನೆಯವರು ತಾಯತ ಕಟ್ಟಿಸಿದರು. ಒಂದು ದಿನ ಹೊಲದಲ್ಲಿ ಕೆಲಸ ಮಾಡುವವಳೊಬ್ಬಳು ನನ್ನೆದುರೇ ಅವಳನ್ನು ಛೇಡಿಸಿದಳು, “ಸತ್ತ ಕೂಸು ಅಳತೈತೇನ ನೀಲಿ? ನಮಗೂ ಒಂದು ಸಲ ಕೇಳಸು.” ನಾನು ಅವಳಿಗೆ ಬೈದೆ. ಬೈಯುವುದು ನನಗೆ ಸುಲಭ. ಆದರೆ “ಆಕಿ ಹೇಳೂದು ಖರೆ ಐತಿ” ಅನ್ನುವ ನಾಲ್ಕು ಮಾತು ಬಾಯಿಂದ ಹೊರಡಲಿಲ್ಲ. ಥೂ ನನ್ನ ಜನ್ಮಕ್ಕೆ.

ಎರಡನೇ ವರ್ಷ ಅವಳು ಮತ್ತೆ ಬಸುರಾದಳು. ಈ ಸಲ ಆರನೇ ತಿಂಗಳಿಗೇ ತವರಿಗೆ ಹೋದಳು. ನಾನು ರಜಿಸ್ಟರಿನ ಷರಾ ಕಾಲಮ್ಮಿನಲ್ಲಿ “ತವರಿಗೆ ಹೋಗಿದ್ದಾಳೆ” ಎಂದು ಬರೆದು ಕೈ ತೊಳೆದುಕೊಂಡೆ. ಸುಳ್ಳು ಹೇಳಬಾರದು, ಹಾಯೆನಿಸಿತ್ತು. ಇನ್ನು ತಿಂಗಳು ತಿಂಗಳು ಆ ಮುಖ ನೋಡುವುದು ತಪ್ಪಿತು ಎಂದು.

ನಾಲ್ಕು ತಿಂಗಳ ಮೇಲೆ ಜಿಲ್ಲೆಯಲ್ಲಿ ಶಿಶು ಮರಣಗಳ ವಿಚಾರಣೆಯ ಸಭೆ. ದೊಡ್ಡಕ್ಕಾರ ಬದಲಿಗೆ ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ರಾಮದುರ್ಗ ಕಡೆಯ ಒಂದು ಪ್ರಕರಣ ಓದಿದರು. ತಾಯಿಯ ಹೆಸರು ನೀಲವ್ವ. ಎಂಟನೇ ತಿಂಗಳಿಗೇ ಹುಟ್ಟಿದ ಹೆಣ್ಣು ಕೂಸು, ಮೂರನೇ ದಿನ ತೀರಿಕೊಂಡಿದೆ. ಅಲ್ಲಿನ ಡಾಕ್ಟರು ಎದ್ದು ನಿಂತು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

“ಕಾರ್ಡಿನಲ್ಲಿ ಹಿಂದಿನದು ಸತ್ತು ಹುಟ್ಟಿದ್ದು ಅಂತ ಇತ್ತು. ತೂಕ ಬರೆದಿಲ್ಲ. ನಾವು ಅದರ ಕಾರಣ ಹುಡುಕಿಕೊಂಡು ಕೂತೆವು. ತಾಯಿ ಮಾತ್ರ, ನನ್ನ ಕೂಸು ಅತ್ತಿತ್ತು, ಭಾಳ ಸಣ್ಣದಿತ್ತು ಅಂತ ಹೇಳ್ತಾನೇ ಇದ್ದಳು. ಕಾರ್ಡು ನೋಡಿ ನಾವು ಆಕೆಯನ್ನು ನಂಬಲಿಲ್ಲ. ದಿನ ತುಂಬುವ ಮೊದಲೇ ಜೀವಂತ ಹೆರುವ ತಾಯಿ ಅಂತ ಗೊತ್ತಿದ್ದರೆ ಒಂದು ತಿಂಗಳು ಮೊದಲೇ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದೆವು.”

ಸಭೆಯ ಹಿರಿಯರು ಕೇಳಿದರು, “ಆ ಕಾರ್ಡು ಬರೆದವರು ಯಾರು?”

ಪುಟ ತಿರುವಿದರು. ಮುಂದಿನ ಪ್ರಕರಣಕ್ಕೆ ಹೋದರು. ಎಬ್ಬಿಸಿ ನಿಲ್ಲಿಸುತ್ತಾರೆ ಎಂಬ ಹೆದರಿಕೆಗೆ ಮೊದಲ ಸುಳ್ಳು ಬರೆದವಳು ನಾನು. ಅವತ್ತು ಯಾರೂ ನಿಲ್ಲಿಸದಿದ್ದರೂ ನಾನಾಗಿ ಎದ್ದು ನಿಲ್ಲಬೇಕಿತ್ತು. ಕುರ್ಚಿಗೆ ಅಂಟಿಕೊಂಡು ಕೂತೆ. ಮಧ್ಯಾಹ್ನದ ಊಟಕ್ಕೆ ಶಿರಾ ಮಾಡಿಸಿದ್ದರು, ಎಲ್ಲರೂ ಬಡಿಸಿಕೊಂಡರು ಎಂದು ನಾನೂ ಬಡಿಸಿಕೊಂಡೆ. ಅದನ್ನೂ ತಿಂದೆ, ನೋಡಿ.

ಆಮೇಲೆ ನಾನು ಬೇರೆ ನರ್ಸ್ ಆದೆ ಅಂದರೆ ಅದು ಬಡಾಯಿ. ಆದರೆ ತಕ್ಕಡಿ ಎಷ್ಟು ತೋರಿಸುತ್ತದೋ ಅಷ್ಟನ್ನೇ ಬರೆಯಲು ಶುರು ಮಾಡಿದೆ. ನನ್ನ ಹಳ್ಳಿಗಳಲ್ಲಿ ಅಶಕ್ತ ಕೂಸುಗಳು ಒಮ್ಮೆಲೇ ಹೆಚ್ಚಾದವು ಎಂದು ಮೇಲಿನವರು ನೋಟೀಸು ಕೊಟ್ಟರು. ಕೊಡಲಿ ಎಂದು ಬಿಟ್ಟೆ. ಬಸುರಿಯರಿಗೆ ಗುಳಿಗೆ ಕೊಡುವಾಗ ಮನೆಯಲ್ಲಿ ಯಾರು ಯಾವಾಗ ಉಣ್ಣುತ್ತಾರೆ ಎಂದು ಅತ್ತೆಯರ ಎದುರೇ ಕೇಳಿದೆ. ಹೆರಿಗೆಯ ಖೋಲಿಯ ಹಿಂಬಾಗಿಲಿಗೆ ಬೀಗ ಹಾಕಿದೆ, ಬಚ್ಚಲಿನ ಕೊಡಗಳನ್ನು ಮನೆಯೊಳಗೆ ಸಾಗಿಸಿದೆ. ಎರೆಯಲು ಬಂದ ಅಜ್ಜಿಯರ ಜೊತೆ ಕುಸ್ತಿಯೇ ನಡೆಯಿತು. “ಮೈ ಜಿಡ್ಡು ಹಂಗ ಬಿಟ್ರ ಮಂದಿ ನಗತಾರ್ರಿ” ಅಂತ ಅವರು. “ನಗೂ ಮಂದೀನ ನನ್ನ ಹತ್ರ ಕಳಸ್ರಿ” ಅಂತ ನಾನು. ಈಗಿನ ಹುಡುಗಿಯರಿಗೆ ಮುಟ್ಟಿದರೆ ಅಂಕಿ ತೋರಿಸುವ ತಕ್ಕಡಿ ಇದೆ, ಕೈಯಲ್ಲಿ ಟ್ಯಾಬ್ ಇದೆ. ಯಾವ ಖಾನೆಯಲ್ಲಿ ಏನು ಒತ್ತಬೇಕು ಎಂಬುದು ಮಾತ್ರ ಈಗಲೂ ನಿಮ್ಮ ಬೆರಳಿಗೇ ಬಿಟ್ಟದ್ದು.

ನೀಲವ್ವನ ಮೂರನೇ ಬಸುರಿಗೆ ನಾನೇ ಬೆನ್ನು ಬಿದ್ದೆ. ಏಳನೇ ತಿಂಗಳಿಗೇ ಅವಳ ಕೈ ಹಿಡಿದು ದೊಡ್ಡಾಸ್ಪತ್ರೆಗೆ ಕರೆದೊಯ್ದು, “ಈಕಿ ದಿನಾ ತುಂಬೂದರೊಳಗ ಹೆರತಾಳ್ರಿ, ಮೊದಲಿಂದ ನನಗ ಗೊತ್ತೈತಿ” ಎಂದು ಅಲ್ಲಿನ ಡಾಕ್ಟರ ಕಿವಿಯಲ್ಲಿ ಹೇಳಿದೆ. ಹುಟ್ಟಿದ ಕೂಸನ್ನು ತಿಂಗಳಿಗೂ ಹೆಚ್ಚು ದಿನ ಅವಳ ಎದೆಗೇ ಕಟ್ಟಿ ಇಟ್ಟರು. ಆ ಹುಡುಗಿ ಈಗ ನಾಲ್ಕನೇ ಇಯತ್ತೆ. ನೀಲವ್ವ ಎಲ್ಲರ ಮುಂದೆ ನನ್ನ ಕಾಲಿಗೆ ಬಿದ್ದಳು. ನಮ್ಮ ನರ್ಸಬಾಯಾರು ದೇವರಿದ್ದಂಗ ಅಂದಳು. ಆ ಹೊತ್ತಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು ನನಗೆ. ಅಂದಿನಿಂದ ಅವಳು ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ನನಗೆ ಗೌರವ ಕೊಟ್ಟು ನಿಲ್ಲಿಸಿದಳು, ಮರೆತು ಅಲ್ಲ. ಅದು ಇನ್ನೂ ದೊಡ್ಡ ಶಿಕ್ಷೆ.

ಸವಿತಾಳ ಫೋನು ಬಂದ ಮರುದಿನ ಬೆಳಿಗ್ಗೆ ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳದ ಬಸ್ಸು ಹತ್ತಿದೆ. ಅವಳಿಗೆ ಉತ್ತರ ಹೇಳುವ ಮೊದಲು ಇನ್ನೊಬ್ಬಳಿಗೆ ಹೇಳುವುದಿತ್ತು.

ನೀಲವ್ವ ಅಂಗಳದಲ್ಲಿ ಭಂಡಾರದ ಪೊಟ್ಟಣ ಕಟ್ಟುತ್ತಿದ್ದಳು. ಕೈಯೆಲ್ಲ ಹಳದಿ. ಬಸವ್ವ ಈಗ ಹಣ್ಣುಹಣ್ಣು ಮುದುಕಿ, ಹೊಸ್ತಿಲ ಹತ್ತಿರ ಕೌದಿ ಹೊದ್ದು ಕೂತಿದ್ದಳು. “ಬರ್ರಿ ನರ್ಸಬಾಯಾರ, ಕುಂದರ್ರಿ. ಚಾ ಇಡ್ತೇನಿ” ಎಂದು ನೀಲವ್ವ ಎದ್ದಳು.

“ಚಾ ಬ್ಯಾಡ ನೀಲವ್ವ. ಕುಂದರು. ನಿನ್ನ ಮೊದಲನೇ ಕೂಸು ಅತ್ತಿತ್ತು.”

ನಾಲ್ಕು ದಾರಿ ಸುತ್ತಿ ಹೇಳಬೇಕು ಎಂದು ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಅವಳು ಕೂರಲಿಲ್ಲ, ಕೈಯಲ್ಲಿದ್ದ ಪೊಟ್ಟಣ ಕೆಳಗಿಡಲೂ ಇಲ್ಲ.

“ಎಷ್ಟು ಸಲ ಅತ್ತಿತ್ರಿ?”

“ಮೂರು ಸಲ.”

“ನಾ ಎರಡ ಸಲ ಕೇಳೀನಿ.” ಅವಳು ಪೊಟ್ಟಣದ ಬಾಯಿ ಮಡಿಸಿದಳು. “ಮೂರನೇದು ಯಾವಾಗ?”

ಈ ಪ್ರಶ್ನೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. “ಹಿಂದ, ಬಚ್ಚಲದಾಗ. ಮೈಮ್ಯಾಲ ನೀರು ಬಿದ್ದಾಗ. ಎರೀರಿ ಅಂತ ನಾನ ಹೂಂ ಅಂದಿದ್ದೆ. ಎರೀಬಾರದು ಅಂತ ನನಗ ಗೊತ್ತಿತ್ತು. ತಂಡಿ ಹತ್ತಿ ಹೋತು ಅದು. ಒಂದೂವರಿ ತಾಸು ಜೀವ ಇತ್ತು. ನಾ ಸುಳ್ಳ ಬರದೆ, ನಿನ್ನ ಮುಂದೂ ಸುಳ್ಳ ಹೇಳಿದೆ. ಆ ಸುಳ್ಳಿನಿಂದ ನಿನ್ನ ಎರಡನೇದು ಸುದ್ದಾ...”

“ಎರಡನೇದರ ಮಾತು ಇವತ್ತ ಬ್ಯಾಡ್ರಿ.” ಅವಳು ಕೈ ಅಡ್ಡ ಹಿಡಿದಳು. “ಒಂದೊಂದ ಹೇಳ್ರಿ. ಎರಡೂ ಒಮ್ಮೆಲೆ ತಡಕೊಳ್ಳಾಕ ಆಗಂಗಿಲ್ಲ ನನಗ.”

ಹೊಸ್ತಿಲ ಹತ್ತಿರದಿಂದ ಬಸವ್ವ ಮಾತಾಡಿದಳು. ಆಕೆಗೆ ಕಿವಿ ಮಂದ ಎಂದು ನಾನು ತಿಳಿದಿದ್ದೆ. “ನೀರು ಬೆಚ್ಚಗಿದ್ದವು,” ಅಂದಳು. “ಕೈ ಇಟ್ಟು ನೋಡಿದ್ದೆ ನಾ. ಎರಡು ಸಲ ನೋಡಿದ್ದೆ. ಬೆಚ್ಚಗಿದ್ದವು.”

ಮೈಲಿಗೆ, ಅಂಗಡಿ, ಹುಣ್ಣಿಮೆ ಎಂದು ಆಕೆ ಅಂದು ಹೇಳಿದ್ದನ್ನು ನಾನು ಹನ್ನೆರಡು ವರ್ಷ ನಂಬಿಕೊಂಡಿದ್ದೆ. ಕೂಸು ಅತ್ತಿತ್ತು ಎಂದು ಒಪ್ಪಿಕೊಂಡರೆ ಆಮೇಲೆ ಅದು ಯಾಕೆ ಸುಮ್ಮನಾಯಿತು ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು ಆ ಮುದುಕಿಗೆ. ನನಗಾದರೂ ಬೇರೆ ಏನು ಆಗಿತ್ತು?

ನೀಲವ್ವ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೊರಗೆ ಬಂದಾಗ ಅವಳು ಮುಖ ತೊಳೆದಿದ್ದಳು, ಕೆನ್ನೆಯ ಅಂಚಿಗೆ ಮಾತ್ರ ಹಳದಿ ಉಳಿದಿತ್ತು. ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

“ನನಗ ತಲಿ ಕೆಟ್ಟಿರಲಿಲ್ಲ, ಹೌದಿಲ್ರಿ?” ಅಂದಳು.

“ಕೆಟ್ಟಿರಲಿಲ್ಲವಾ.”

“ಹಂಗಾರ ಅದನ್ನ ಬರೀರಿ. ಅಲ್ಲಿ ಇಲ್ಲ ಅಂತ ಬರದೀರಲ್ಲ, ಈಗ ಹೌದಂತ ಬರೀರಿ. ನೀವ ಬರೀಬೇಕು.”

ಬಸ್ಸಿಗೆ ಕಾಯುತ್ತ ನಿಂತಾಗ ಸವಿತಾಗೆ ಫೋನ್ ಮಾಡಿದೆ. ದೊಡ್ಡ ಫಾರಂ ತುಂಬು, ಯಾರು ಏನೇ ಅನ್ನಲಿ ಅಂದೆ. ಹೆದರಿಕಿ ಬರತೈತ್ರಿ ಅಕ್ಕಾರ ಅಂದಳು. ಬರಲಿ, ಹೆದರಿಕೊಂಡೇ ಬರಿ ಅಂದೆ. ಆ ತಾಯಿ ಕೇಳುವ ಮೊದಲೇ ಅವಳ ಹತ್ತಿರ ಕೂತು ಅತ್ತಿತ್ತು ಎಂದು ಹೇಳು ಅಂತಲೂ ಹೇಳಿದೆ.

ನನ್ನ ಹಳೆಯ ರಜಿಸ್ಟರು ಈಗ ನನ್ನ ಕೈಗೆ ಸಿಗುವುದಿಲ್ಲ. ಸಿಕ್ಕರೂ ತಿದ್ದುವ ಹಕ್ಕು ನನಗಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ತಾಯಿ ನೀಲವ್ವ. ಗಂಡು ಕೂಸು. ತೂಕ ಒಂದು ಕಿಲೋ ನಾಲ್ಕುನೂರು. ಹುಟ್ಟಿದಾಗ ಅತ್ತಿತ್ತು. ಬೆನ್ನು ಉಜ್ಜಿದಾಗ ಅತ್ತಿತ್ತು. ನೀರು ಬಿದ್ದಾಗ ಅತ್ತಿತ್ತು. ಕೇಳಿದವಳು ನಾನು.